ಶಿರಸಿ, ಕುಮಟಾ, ಕಾರವಾರ ಕಡೆ ಮೊದಲ ಮನೆ ತಗೊಳ್ಳೂದು ಹೇಗೆ? ಗೋಡೆಗಿಂತ ಮುಂಚೆ ನೆಲ ನೋಡಿ

ಹೊಸದಾಗಿ ಮದುವೆಯಾದವರು ಮನೆ ನೋಡ್ಲಿಕ್ಕೆ ಹೊರಟ್ರೆ ಕಣ್ಣು ಮೊದಲು ಹೋಗೂದು ಟೈಲ್ಸಿಗೆ, ಅಡುಗೆಮನೆ ಕಟ್ಟೆಗೆ, ಅಟ್ಯಾಚ್ಡ್ ಬಾತ್‌ರೂಮಿಗೆ. ಆಸೆ ಇರ್ತದೆ, ತಪ್ಪಲ್ಲ. ಆದ್ರೆ ನಮ್ಮ ಉತ್ತರ ಕನ್ನಡದ ಕಥೆ ಬೇರೆ. ಜಿಲ್ಲೆಯ ಬಹುಪಾಲು ಕಾಡು, ಒಂದು ಬದಿ ಸಮುದ್ರ, ಮಧ್ಯೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಕಾರವಾರದ ಹತ್ರ ನೌಕಾನೆಲೆ, ಕರಾವಳಿ ಉದ್ದಕ್ಕೂ ಹೆದ್ದಾರಿ 66. ಇದೆಲ್ಲ ಬಿಟ್ಟು ಉಳಿದ ಚೂರು ಜಾಗದಲ್ಲೇ ಗದ್ದೆ, ತೋಟ, ಪೇಟೆ, ಮನೆ ಎಲ್ಲಾ ಆಗ್ಬೇಕು. ಹಾಗಾಗಿ ಇಲ್ಲಿ ಮನೆಗೆ ಬೆಲೆ ಬರೂದು, ಹೋಗೂದು ಎರಡೂ ಅದು ನಿಂತ ನೆಲದಿಂದ. ಟೈಲ್ಸು ನಾಳೆ ಬದಲಿಸ್ಬಹುದು, ಅರಣ್ಯದ ಸರ್ವೆ ನಂಬರ್ ಬದಲಿಸ್ಲಿಕ್ಕೆ ಬರೂದಿಲ್ಲ.

ಮೊದಲ ಹೆಜ್ಜೆ: ಇಬ್ರೂ ಕೂತು ಲೆಕ್ಕ ಹಾಕಿ

ಬ್ರೋಕರಿಗೆ ಫೋನ್ ಮಾಡೂದಕ್ಕಿಂತ ಮುಂಚೆ ಇದು. ಉದಾಹರಣೆಗೆ ಶಿರಸಿ ಪೇಟೇಲಿ 32 ಲಕ್ಷದ ಒಂದು ಮನೆ ಅಂತ ಇಟ್ಕೊಳ್ಳಿ, ಬ್ಯಾಂಕು 25 ಲಕ್ಷ ಕೊಡ್ತದೆ ಅಂತ ಇಟ್ಕೊಳ್ಳಿ. ಸುಮಾರು ಜನ 7 ಲಕ್ಷ ಹೊಂದಿಸಿದ್ರೆ ಆಯ್ತು ಅಂದ್ಕೊಳ್ತಾರೆ. ಆಗೂದಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು-ಸರ್ಚಾರ್ಜು ಸೇರಿ ಪೇಟೇಲಿ ಶೇ. 5.6, ಹಳ್ಳೀಲಿ 5.65, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ಒಟ್ಟು ಶೇ. 7.6 ಅಂದ್ರೆ 2,43,200 ರೂಪಾಯಿ, ಇದು ಸಾಮಾನ್ಯವಾಗಿ ನಿಮ್ಮ ಕೈಯಿಂದಲೇ ಹೋಗೂದು, ಬ್ಯಾಂಕಿನವರು ಇದನ್ನ ಮನೆ ಬೆಲೆಗೆ ಸೇರಿಸೂದಿಲ್ಲ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು, ಮಳೆಗಾಲಕ್ಕೆ ಮುಂಚೆ ಮಾಡಿನ ರಿಪೇರಿ ಎಲ್ಲಾ ಸೇರಿ 10 ಲಕ್ಷದ ಮೇಲೇ ಕೈಲಿರಬೇಕು.

ಅಪ್ಪನೋ ಮಾವನೋ ಅಡಿಕೆ ಮಾರಿದ ದುಡ್ಡು ಕೊಡ್ತಾರೆ ಅಂತಾದ್ರೆ ಅದು ಬ್ಯಾಂಕ್ ಖಾತೆಯಿಂದ ಖಾತೆಗೆ ಬರ್ಲಿ, ಸಾಲವೋ ಕೊಡುಗೆಯೋ ಅಂತ ಒಂದು ಕಾಗದದಲ್ಲಿ ಬರೆದಿಡಿ, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಬಾರದು. ಮತ್ತೆ ಮನೆ ಇಬ್ರ ಹೆಸರಲ್ಲೂ ಇರಲಿ, ಇದರಲ್ಲಿ ನಂಗೆ ಎರಡನೇ ಮಾತಿಲ್ಲ. ಹೆಂಡತಿ ಸಂಬಳದಿಂದ ಕಂತು ಕಟ್ಟಿ ಪತ್ರದಲ್ಲಿ ಗಂಡನ ಹೆಸರು ಮಾತ್ರ ಇರೂದು ಅನ್ಯಾಯ.

ಎರಡನೇ ಹೆಜ್ಜೆ: ಮಳೇಲಿ ಒಮ್ಮೆ, ಬೇಸಿಗೇಲಿ ಒಮ್ಮೆ

ಡಿಸೆಂಬರಲ್ಲಿ ನಮ್ಮ ಕಡೆ ಯಾವ ಮನೆಯಾದ್ರೂ ಚಂದವೇ. ಕರಾವಳೀಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳ್ತದೆ, ಅದರಲ್ಲಿ ಹೆಚ್ಚಿಂದು ಜೂನ್-ಜುಲೈ-ಆಗಸ್ಟಲ್ಲೇ, ಆ ಮೂರು ತಿಂಗಳು ತಡೆಯೂ ಮನೆಯೇ ಮನೆ. ಆಷಾಢದಲ್ಲಿ ಶುಭಕಾರ್ಯ ಬೇಡ ಅಂತಾರೆ, ಸರಿ, ಮನೆ ನೋಡ್ಲಿಕ್ಕೆ ಎಂತ ಅಡ್ಡಿ, ಅದೇ ಬೆಸ್ಟ್ ಟೈಮು. ಅಂಗಳದ ನೀರು ಎಲ್ಲಿ ಹೋಗ್ತದೆ, ಮೇಲಿನ ಮನೆಯವರ ನೀರು ಎಲ್ಲಿ ಬರ್ತದೆ, ಸ್ಲ್ಯಾಬಿನ ಮೂಲೇಲಿ ಕಪ್ಪು ಪಾಚಿ ಕಟ್ಟಿದೆಯಾ ನೋಡಿ. ಸಮುದ್ರದ ಹತ್ರ ಇದ್ರೆ ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಪ್ಲಾಸ್ಟರನ್ನ ಹೊರಗೆ ತಳ್ತದೆ, ಒಂದು ಕೋಲು ತಗೊಂಡು ತಾರಸಿಯ ಅಡಿಭಾಗಕ್ಕೆ ಮೆಲ್ಲಗೆ ಬಡೀರಿ, ಡಬಡಬ ಅಂತ ಪೊಳ್ಳು ಸದ್ದು ಬಂದ ಕಡೆ ರಿಪೇರಿ ಇದೆ ಅಂತಲೇ ಲೆಕ್ಕ.

ಮನೆ ಹಿಂದಿನ ಧರೆ, ಅಂದ್ರೆ ಗುಡ್ಡ ಕಡಿದ ಮೇಲೆ ಉಳಿದ ಮಣ್ಣಿನ ಗೋಡೆ, ನೋಡದೆ ಮಾತ್ರ ಬರಬೇಡಿ. ಗುಡ್ಡ ಕಡಿದು ಮನೆ ಕಟ್ಟೂದು ನಮ್ಮಲ್ಲಿ ಮಾಮೂಲಿ ಆಗಿಬಿಟ್ಟಿದೆ. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದು ಗಂಗಾವಳಿಗೆ ಬಿದ್ದದ್ದನ್ನ ಇಡೀ ರಾಜ್ಯ ನೋಡಿದೆ. ಧರೆಯ ಎದುರು ನಿಂತು ಮೇಲಿಂದ ಕೆಳಗೆ ಮಣ್ಣಿನ ಬಣ್ಣ ಗಮನಿಸಿ. ಮೇಲೆ ಕೆಂಪು ಚಿರೆಕಲ್ಲು ಗಟ್ಟಿಯಾಗಿರ್ತದೆ, ಅದರ ಕೆಳಗೆ ಬಿಳಿ ಇಲ್ಲಾ ತಿಳಿ ನೇರಳೆ ಬಣ್ಣದ ಮೆತ್ತನೆ ಪದರ ಕಾಣ್ತದಾ, ಒದ್ದೆಯಾದಾಗ ಬೆರಳಲ್ಲಿ ಒತ್ತಿದ್ರೆ ಜಾರ್ತದಾ? ಅದು ಶೇಡಿ ಮಣ್ಣು. ಮಳೆ ನೀರು ಚಿರೆಕಲ್ಲಿನ ತೂತಿನಿಂದ ಇಳಿದು ಈ ಶೇಡಿಯ ಮೇಲೆ ನಿಲ್ತದೆ, ಆಮೇಲೆ ಮೇಲಿನ ಭಾರ ಎಲ್ಲಾ ಜಾರ್ತದೆ. ಗುಡ್ಡದ ನೆತ್ತೀಲಿ ಉದ್ದ ಬಿರುಕು, ಮನೆ ಕಡೆ ವಾಲಿದ ಮರಗಳು, ಧರೆಯ ಬುಡದಲ್ಲಿ ಹೊಸದಾಗಿ ಒರತೆ ಇವು ಮೂರರಲ್ಲಿ ಒಂದು ಕಂಡ್ರೂ ಬೆಲೆ ಎಷ್ಟೇ ಕಮ್ಮಿ ಹೇಳಿದ್ರೂ ಆ ಮನೆ ಬೇಡ.

ಬೇಸಿಗೇಲಿ ನೋಡ್ಬೇಕಾದ್ದು ಬಾವಿ. ಕುಮಟಾ, ಹೊನ್ನಾವರ, ಅಂಕೋಲಾದ ಗಜನಿ (ಉಪ್ಪುನೀರು ನುಗ್ಗೂ ತಗ್ಗು ಗದ್ದೆ) ಬದಿಯ ಬಾವಿಗಳಲ್ಲಿ ಜನವರೀಲಿ ಸಿಹಿಯಾಗಿದ್ದ ನೀರು ಏಪ್ರಿಲ್-ಮೇಗೆ ಉಪ್ಪಾಗ್ತದೆ. ಒಂದು ಕೊಡ ಎಳೆದು ಕುಡಿದು ನೋಡಿ, ಸೋಪು ಹಾಕಿ ನೊರೆ ಬರ್ತದಾ ನೋಡಿ. ಮನೆ ತೋರಿಸೂರ ಹತ್ರ ಕೇಳೂದಕ್ಕಿಂತ ಪಕ್ಕದ ಮನೆಯ ಅಮ್ಮನ ಹತ್ರ ಟ್ಯಾಂಕರ್ ಯಾವ ತಿಂಗಳಿಂದ ತರಿಸ್ತೀರಿ ಅಂತ ಕೇಳಿ. ಬಾವಿ ಪಾಲಿನದ್ದಾದ್ರೆ ಆ ಪಾಲು ಪತ್ರದಲ್ಲಿ ಬರಬೇಕು.

ಮೂರನೇ ಹೆಜ್ಜೆ: ಕಾಗದ, ಇಲ್ಲಿ ಅವಸರ ಬೇಡವೇ ಬೇಡ

ಮನೆಗೆ ನಂಬರ್ ಇದೆ, ಕರೆಂಟ್ ಮೀಟರ್ ಇದೆ, ಪಂಚಾಯ್ತಿಗೆ ಕರ ಕಟ್ಟಿದ ರಸೀದಿ ಇದೆ, ಇಷ್ಟು ತೋರಿಸಿ ಎಲ್ಲಾ ಕ್ಲಿಯರ್ ಅಂತಾರೆ. ಈ ಮೂರೂ ಅರಣ್ಯ ಅತಿಕ್ರಮಣದ ಮನೆಗೂ ಇರಬಹುದು. ಅವು ಮಾಲೀಕತ್ವದ ದಾಖಲೆ ಅಲ್ಲ. ಅಂಥ ಮನೆಗಳನ್ನ ಬಾಂಡ್ ಪೇಪರಲ್ಲಿ ಬರೆದು ಕೈ ಬದಲಾಯಿಸೂದು ಇದೆ, ಪಾಪ ಎಷ್ಟೋ ಜನ ಜೀವಮಾನದ ಉಳಿತಾಯ ಅದರ ಮೇಲೆ ಸುರೀತಾರೆ. 2006ರ ಅರಣ್ಯ ಹಕ್ಕು ಕಾಯ್ದೇಲಿ ಹಕ್ಕುಪತ್ರ ಸಿಕ್ಕಿದ್ದರೂ ಅದು ಮಕ್ಕಳಿಗೆ ಬರ್ತದೆ ಹೊರತು ಮಾರ್ಲಿಕ್ಕೆ ಬರೂದಿಲ್ಲ. ಹಾಗೇ ಘಟ್ಟದ ಮೇಲೆ ಪಹಣೀಲಿ ಬೆಟ್ಟ ಅಂತ ಇದ್ರೆ, ಅದು ತೋಟದವರಿಗೆ ಸೊಪ್ಪು, ದರಕು (ಒಣ ಎಲೆ), ಕಟ್ಟಿಗೆಗೆ ಬಿಟ್ಟ ಸವಲತ್ತು. ಅಲ್ಲಿ ಮನೆ ಕಟ್ಟೂ ಹಕ್ಕು ಇಲ್ಲ, ಮಾರೂ ಹಕ್ಕಂತೂ ಇಲ್ಲವೇ ಇಲ್ಲ.

ಪಹಣಿ ಭೂಮಿ ವೆಬ್‌ಸೈಟಲ್ಲಿ ಸಿಗ್ತದೆ, ತೆಗೆದು ಎದುರಿಗಿಟ್ಟು ಓದಿ. 9ನೇ ಕಾಲಮ್ಮಲ್ಲಿ ಮಾಲೀಕರ ಹೆಸರು, ಅಲ್ಲಿ ನಾಲ್ಕು ಹೆಸರಿದ್ರೆ ನಾಲ್ಕೂ ಜನರ ಸಹಿ ಬೇಕು. 10ರಲ್ಲಿ ಅವರಿಗೆ ಹೇಗೆ ಬಂತು ಅನ್ನೋ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್, ಆ ಮ್ಯುಟೇಶನ್ ಪ್ರತಿಯನ್ನೂ ತೆಗೆಸಿ. 11ನೇ ಕಾಲಮ್ಮು ಬೋಜಾ. ಸೊಸೈಟಿ ಸಾಲ, ಬ್ಯಾಂಕ್ ಸಾಲ, ಕೋರ್ಟಿನ ತಡೆ ಎಲ್ಲಾ ಇಲ್ಲೇ ಕೂತಿರ್ತದೆ. ಸಾಲ ಎಂದೋ ತೀರಿಸಿಯಾಗಿದೆ, ಬೋಜಾ ಕಡಿಮೆ ಮಾಡ್ಸೂದು ಬಾಕಿ ಅಂತ ಹೇಳಿದ್ರೆ, ಕಡಿಮೆ ಮಾಡ್ಸಿಯೇ ಬನ್ನಿ ಅಂತ ಹೇಳಿ. ಸರ್ವೆ ನಂಬರಿನ ಒಂದು ತುಂಡು ಮಾತ್ರ ಮಾರೂದಾದ್ರೆ 11ಇ ನಕ್ಷೆ, ಅಂದ್ರೆ ಆ ತುಂಡನ್ನ ಅಳೆದು ತೋರಿಸೂ ಸರ್ವೆ ನಕ್ಷೆ, ಬೇಕು. ಗಾವಠಾಣದೊಳಗಿನ (ಊರಿನ ವಸತಿ ಜಾಗದೊಳಗಿನ) ಹಳೇ ಮನೆ ಬೇರೆ ಮಾತು, ಗದ್ದೆ ಏರಿಸಿ ಮಣ್ಣು ಹಾಕಿ ಕಟ್ಟಿದ ಮನೆಯಾದ್ರೆ ಎನ್‌ಎ ಆದೇಶ, ಅಂದ್ರೆ ಕೃಷಿ ಜಮೀನನ್ನ ಕೃಷಿಯೇತರ ಅಂತ ಪರಿವರ್ತಿಸಿದ ಆದೇಶ, ಕೇಳ್ಲೇಬೇಕು.

ಇನ್ನು ವಾಟ್ನಿ, ಅಂದ್ರೆ ಆಸ್ತಿ ಪಾಲು. ಅಣ್ಣ ಮುಂಬೈಲಿ, ತಮ್ಮ ಇಲ್ಲಿ, ಅಕ್ಕನ್ನ ಸಿದ್ದಾಪುರಕ್ಕೆ ಕೊಟ್ಟದ್ದು, ತಮ್ಮ ಒಬ್ಬನೇ ಬಂದು ಬಾಯ್ಮಾತಲ್ಲಿ ಪಾಲಾಗಿದೆ ಇದು ನಂದೇ ಅಂತಾನೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತೀಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಅಪ್ಪ ಆಗ ಬದುಕಿರಬೇಕಿತ್ತು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿಯಾಗಿದೆ. ವಂಶವೃಕ್ಷ ತರಿಸಿ, ಅದರಲ್ಲಿರೂ ಪ್ರತಿ ಹೆಸರಿಗೂ ಸಹಿ ಇಲ್ಲಾ ರಿಜಿಸ್ಟರ್ ಆದ ವಾಟ್ನಿ ಪತ್ರ ಇದೆಯಾ ಟಿಕ್ ಹಾಕ್ತಾ ಹೋಗಿ. ಸರ್ಕಾರ ಪರಿಶಿಷ್ಟ ಜಾತಿ-ಪಂಗಡದವರಿಗೆ ಮಂಜೂರು ಮಾಡಿದ ಜಮೀನಾದ್ರೆ 1978ರ ಪಿಟಿಸಿಎಲ್ ಕಾಯ್ದೆ ಬರ್ತದೆ, ಸರ್ಕಾರದ ಅನುಮತಿ ಇಲ್ಲದೆ ತಗೊಂಡ ಜಾಗ ಎಷ್ಟು ವರ್ಷದ ಮೇಲಾದ್ರೂ ವಾಪಸ್ ಹೋಗಬಹುದು, ಹೋಗಬೇಕಾದ್ದೂ ನ್ಯಾಯವೇ. ಪುನರ್ವಸತಿ ಕಾಲನಿಯ ಸೈಟಾದ್ರೆ ಹಂಚಿಕೆ ಪತ್ರದ ಷರತ್ತುಗಳನ್ನ ಒಂದೊಂದಾಗಿ ಓದಿ.

ಋಣಭಾರ ಪತ್ರ, ಅಂದ್ರೆ ಇಸಿ, ಕನಿಷ್ಠ 30 ವರ್ಷದ್ದು ತೆಗೆಸಿ. 2004ರಿಂದ ಈಚೆಗಿಂದು ಕಾವೇರಿ ಪೋರ್ಟಲಲ್ಲಿ ಬರ್ತದೆ, ಅದಕ್ಕಿಂತ ಹಿಂದಿಂದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗ್ಬೇಕು. ಇಸಿಲಿ ರಿಜಿಸ್ಟರ್ ಆಗದ ವ್ಯವಹಾರ ಕಾಣೂದಿಲ್ಲ ಅನ್ನೋದು ನೆನಪಿರಲಿ, ಅದಕ್ಕೇ ಮೂಲ ಪತ್ರ ಕಣ್ಣಾರೆ ನೋಡ್ಬೇಕು, ಜೆರಾಕ್ಸು ಬೇಡ. ಇ-ಖಾತೆ (ಪಂಚಾಯ್ತಿ-ನಗರಸಭೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ಈಗ ರಿಜಿಸ್ಟ್ರೇಶನ್ ಆಗೂದೇ ಇಲ್ಲ. ಪಂಚಾಯ್ತಿ ಆದ್ರೆ ಫಾರ್ಮ್ 9 ಮತ್ತು 11ಎ, ನಗರಸಭೆ-ಪುರಸಭೆ ಆದ್ರೆ ಫಾರ್ಮ್ 3. ಕೈಗೆ 11ಬಿ ಕೊಟ್ರೆ ಹುಷಾರು, ಅದು ಅನಧಿಕೃತ ಆಸ್ತಿಯ ಪಟ್ಟಿ, ಹೆಚ್ಚಿನ ಬ್ಯಾಂಕು ಅದಕ್ಕೆ ಸಾಲ ಕೊಡೂದಿಲ್ಲ.

ಸಮುದ್ರದ ಭರತ (ಉಬ್ಬರ) ರೇಖೆಯಿಂದ 500 ಮೀಟರ್ ಒಳಗಿದ್ರೆ, ಇಲ್ಲಾ ಉಬ್ಬರದ ನೀರು ಹತ್ತೂ ನದಿ-ಹಿನ್ನೀರಿನ ದಡದಲ್ಲಿದ್ರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಕೇಳಿ ತಿಳ್ಕೊಳ್ಳಿ. ಇದ್ದ ಮನೇಲಿ ಇರಬಹುದು, ಮುಂದೆ ಮಗು ಆದ್ಮೇಲೆ ಮೇಲೊಂದು ರೂಮು ಏರಿಸ್ತೇನೆ ಅಂದ್ರೆ ಪರವಾನಗಿ ಸಿಗದೇ ಇರಬಹುದು.

ದಾರಿಯದ್ದೂ ಹೇಳಿಬಿಡ್ತೇನೆ. ಶಿರಸಿ, ಸಿದ್ದಾಪುರ ಬದಿಯ ಎಷ್ಟೋ ಮನೆಗಳಿಗೆ ಬೇರೆಯವರ ತೋಟದ ಬದಿಯಿಂದಲೇ ದಾರಿ. ಹಳಬರು ಇರೂ ತನಕ ಯಾರೂ ಮಾತಾಡೂದಿಲ್ಲ, ಮನೆ ಕೈ ಬದಲಾದ ವಾರಕ್ಕೆ ಉಣುಗೋಲು (ದಾರಿಗೆ ಅಡ್ಡ ಹಾಕೂ ಕೋಲು) ಬೀಳ್ತದೆ. ದಾರಿ ಹಕ್ಕು, ಅದರ ಅಗಲ ಎಷ್ಟು ಅಡಿ, ವಾಹನ ಹೋಗ್ಬಹುದಾ ಎಲ್ಲಾ ಕ್ರಯಪತ್ರದಲ್ಲಿ ಅಕ್ಷರದಲ್ಲಿ ಬರ್ಲಿ. ಕಾರವಾರದಲ್ಲಿ ಹೊಸ ಫ್ಲ್ಯಾಟ್ ನೋಡೂರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಮತ್ತೆ ಆಕ್ಯುಪೆನ್ಸಿ (ವಾಸಯೋಗ್ಯ ಅಂತ ಕೊಡೂ) ಸರ್ಟಿಫಿಕೇಟ್ ಕೇಳಿ.

ನಾಲ್ಕನೇ ಹೆಜ್ಜೆ: ಅಡ್ವಾನ್ಸು

ನಿಮ್ಮದೇ ವಕೀಲರು ಕಾಗದ ನೋಡಿ ಬರಹದಲ್ಲಿ ಅಭಿಪ್ರಾಯ ಕೊಟ್ಟ ಮೇಲೇ ಅಡ್ವಾನ್ಸು. ಅಕ್ಷಯ ತೃತೀಯ ಬಂತು, ಇನ್ನೊಬ್ರು ಪಾರ್ಟಿ ಕಾಯ್ತಾ ಇದಾರೆ ಅಂತ ಒತ್ತಡ ಹಾಕ್ತಾರೆ, ಹಾಕ್ಲಿ. ನಗದು 20,000 ಅಥವಾ ಮೇಲೆ ಕೊಟ್ಟು-ತಗೊಂಡು ಮಾಡೂದು ಆಸ್ತಿ ವ್ಯವಹಾರದಲ್ಲಿ 2015ರಿಂದ ನಿಷೇಧ, ತಗೊಂಡವರಿಗೆ ಅಷ್ಟೇ ಮೊತ್ತ ದಂಡ ಬೀಳ್ಬಹುದು, ನಿಮಗೆ ಕೊಟ್ಟದ್ದಕ್ಕೆ ಸಾಕ್ಷಿ ಇರೂದಿಲ್ಲ. ಕರಾರಿನಲ್ಲಿ ಒಂದು ಸಾಲು ತಪ್ಪದೇ ಹಾಕ್ಸಿ: ಬ್ಯಾಂಕಿನ ಲೀಗಲ್‌ನಲ್ಲಿ ಕಾಗದ ಪಾಸಾಗದಿದ್ರೆ ಅಡ್ವಾನ್ಸು ಇಷ್ಟು ದಿನದೊಳಗೆ ಪೂರ್ತಿ ವಾಪಸ್. ಇದಕ್ಕೆ ಒಪ್ಪದ ಮಾರಾಟಗಾರರಿಗೆ ತಮ್ಮ ಕಾಗದದ ಮೇಲೆ ತಮಗೇ ನಂಬಿಕೆ ಇಲ್ಲ ಅಂತ ನಾನು ತಿಳ್ಕೊಳ್ತೇನೆ.

ಐದನೇ ಹೆಜ್ಜೆ: ಸಾಲ

ಶೇ. 8.5 ಬಡ್ಡಿ ಹಿಡಿದ್ರೆ 25 ಲಕ್ಷಕ್ಕೆ 20 ವರ್ಷದ ಕಂತು ತಿಂಗಳಿಗೆ ಸುಮಾರು 21,700. ಅದನ್ನೇ 30 ವರ್ಷಕ್ಕೆ ಎಳೆದ್ರೆ 19,200. ತಿಂಗಳಿಗೆ ಎರಡೂವರೆ ಸಾವಿರ ಉಳೀತು ಅನ್ನಿಸ್ತದೆ, ಒಟ್ಟು ಕಟ್ಟೂದು ಮಾತ್ರ 52 ಲಕ್ಷದಿಂದ 69 ಲಕ್ಷಕ್ಕೆ ಹೋಗ್ತದೆ. ಕೈಗೆ ಹೆಚ್ಚಿನ ದುಡ್ಡು ಬಂದಾಗ ಅಸಲಿಗೆ ಕಟ್ತಾ ಬನ್ನಿ, ಫ್ಲೋಟಿಂಗ್ (ಏರಿಳಿಯೂ) ಬಡ್ಡಿಯ ಗೃಹಸಾಲಕ್ಕೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕೂ ಹಾಗಿಲ್ಲ. ಕುಟುಂಬದ ವರ್ಷದ ಆದಾಯ 9 ಲಕ್ಷದೊಳಗಿದ್ದು, ದೇಶದಲ್ಲೆಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದೆ, ಪೇಟೇಲಿ 35 ಲಕ್ಷದೊಳಗಿನ ಮನೆ, 25 ಲಕ್ಷದೊಳಗಿನ ಸಾಲ ಆಗಿದ್ರೆ ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೇಲಿ ಹೆಚ್ಚೆಂದ್ರೆ 1.80 ಲಕ್ಷ ಬಡ್ಡಿ ಸಬ್ಸಿಡಿ ಐದು ಕಂತಲ್ಲಿ ಬರ್ತದೆ. ಇಲ್ಲೂ ಹೆಂಡತಿ ಹೆಸರು ಪತ್ರದಲ್ಲಿ ಇರೂದು ಉಪಯೋಗಕ್ಕೆ ಬರ್ತದೆ.

ಆರನೇ ಹೆಜ್ಜೆ: ರಿಜಿಸ್ಟ್ರೇಶನ್ ಮತ್ತೆ ಅದರ ಮಾರನೇ ದಿನ

ಶುಲ್ಕ ಲೆಕ್ಕ ಆಗೂದು ನಿಜವಾದ ಬೆಲೆ ಮತ್ತೆ ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಹೆಚ್ಚಿನದಕ್ಕೆ. ಪತ್ರದಲ್ಲಿ ಕಮ್ಮಿ ತೋರಿಸಿ ಉಳಿದದ್ದು ಕೈಲಿ ಕೊಡಿ ಅಂದ್ರೆ ಒಪ್ಪಬೇಡಿ, ಬ್ಯಾಂಕ್ ಸಾಲವೂ ಕಮ್ಮಿಯಾಗ್ತದೆ. ಹಿಂದಿನ ದಿನ ಇನ್ನೊಮ್ಮೆ ಇಸಿ ತೆಗೆಸಿ, ಮನೆ ಖಾಲಿ ಇದೆಯಾ ಹೋಗಿ ನೋಡಿ, ಚಕ್ಕುಬಂದಿ (ಜಾಗದ ಗಡಿ) ನಾಲ್ಕೂ ದಿಕ್ಕಿಗೆ ನಿಂತು ಕರಡು ಪತ್ರದ ಜೊತೆ ತಾಳೆ ಹಾಕಿ.

ರಿಜಿಸ್ಟರ್ ಆದ್ಮೇಲೆ ಗೃಹಪ್ರವೇಶದ ಗಡಿಬಿಡೀಲಿ ಖಾತೆ ಬದಲಾವಣೆ ಉಳಿದುಬಿಡ್ತದೆ, ಬಿಡಬೇಡಿ. ಇ-ಖಾತೇಲಿ ನಿಮ್ಮಿಬ್ರ ಹೆಸರೂ ಸ್ಪೆಲ್ಲಿಂಗ್ ಸಮೇತ ಸರಿ ಬಂದಿದೆಯಾ ನೋಡಿ, ಪಹಣಿ ಇದ್ರೆ ಅದೂ, ಹೆಸ್ಕಾಂ ಮೀಟರು, ನಳದ ನೀರಿನ ಖಾತೆ ಎಲ್ಲಾ ಹೆಸರಿಗೆ ಮಾಡ್ಸಿ, ಹಳೇ ಬಾಕಿ ಮಾರಿದವರಿಂದಲೇ ಕಟ್ಟಿಸಿ. ಬ್ಯಾಂಕಿಗೆ ಮೂಲ ಪತ್ರ ಒಪ್ಪಿಸೂ ಮುಂಚೆ ಪ್ರತಿ ಪುಟ ಸ್ಕ್ಯಾನ್ ಮಾಡಿಟ್ಕೊಂಡು, ಯಾವ್ಯಾವ ಪತ್ರ ಕೊಟ್ಟಿದ್ದು ಅಂತ ಬ್ಯಾಂಕಿನ ಸೀಲು-ಸಹಿ ಇರೂ ಲಿಸ್ಟ್ ತಗೊಳ್ಳಿ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡ್ಬೇಕು, ಅವರ ಕಡೆಯಿಂದ ತಡವಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರಿಂದ ಜಾರಿಯಲ್ಲಿದೆ, ಅವತ್ತು ತೋರಿಸ್ಲಿಕ್ಕೆ ಈ ಲಿಸ್ಟೇ ಬೇಕು.