ಅಂಗನವಾಡಿಯಲ್ಲಿ ಪ್ರತಿ ಮಗುವಿಗೂ ಪಾಲು: ಹೊಸ್ತಿಲಿನಿಂದ ಊಟದ ತಟ್ಟೆಯವರೆಗೆ

ಅಂಗವೈಕಲ್ಯವೋ ಬೆಳವಣಿಗೆಯ ತೊಂದರೆಯೋ ಇರುವ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿದೆ, ಮಗು ದಿನವೂ ಬರುತ್ತದೆ, ಆದರೆ ಮನೆಗೆ ಹೋಗುವ ತನಕ ಕೈಯಲ್ಲೊಂದು ಬಿಸ್ಕತ್ತು ಹಿಡಿದು ಮೂಲೆಯಲ್ಲಿ ಕೂತಿರುತ್ತದೆ. ಇದನ್ನು ಕಾವಲು ಎನ್ನಬಹುದು, ಕಲಿಕೆ ಎನ್ನಲಾಗದು. ನಿಮ್ಮ ಕೇಂದ್ರ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಅಂಗನವಾಡಿ ಪಠ್ಯಕ್ರಮವಾದ ‘ಚಿಲಿಪಿಲಿ’ಯ ದಿನಚರಿ ಎದುರಿಗಿಟ್ಟುಕೊಂಡು ಪ್ರತಿ ಚಟುವಟಿಕೆಯ ಮುಂದೆ ಬರೆಯಿರಿ: ಈ ಹೊತ್ತಿನಲ್ಲಿ ಆ ಮಗು ಏನು ಮಾಡುತ್ತದೆ? ‘ನೋಡುತ್ತಾ ಕೂತಿರುತ್ತದೆ’ ಎಂದು ಬರೆಯಬೇಕಾಗಿ ಬಂದ ಕಡೆಯೆಲ್ಲ ಕೆಲಸ ಬಾಕಿ ಇದೆ.

ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಆಗಿಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿಲ್ಲಿಸಬೇಡಿ. ಆ ಕಾರ್ಡ್ ಸರ್ಕಾರಿ ಸೌಲಭ್ಯಗಳಿಗೆ ಬೇಕು, ಹಾಡು ಕಲಿಯಲು ಬೇಡ.

ಗುರುತಿಸುವುದು

ತಾಯಿ ಕಾರ್ಡಿನಲ್ಲಿ (ತಾಯಿ-ಮಗುವಿನ ಆರೋಗ್ಯ ದಾಖಲೆ) ತೂಕದ ಗೆರೆ ನೋಡುವಷ್ಟೇ ತಪ್ಪದೆ ಬೆಳವಣಿಗೆಯ ಹಂತಗಳನ್ನೂ ನೋಡಿ. 9 ತಿಂಗಳು ದಾಟಿದರೂ ಆಸರೆಯಿಲ್ಲದೆ ಕೂರದ, 18 ತಿಂಗಳಾದರೂ ನಡೆಯದ, 2 ವರ್ಷ ತುಂಬಿದರೂ ‘ಅಮ್ಮ ಬಾ’ ಎಂದು ಎರಡು ಮಾತು ಕೂಡಿಸದ ಮಗುವನ್ನು ವೈದ್ಯರಿಗೆ ತೋರಿಸಬೇಕು. ಆಡುತ್ತಿದ್ದ ಮಾತು ನಿಂತುಹೋದರೆ ವಯಸ್ಸು ಎಷ್ಟೇ ಇರಲಿ, ಕಾಯುವ ಹಾಗಿಲ್ಲ. ‘ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು’ ಎಂದು ಅಜ್ಜಿ ಹೇಳುವ ಸಮಾಧಾನಕ್ಕೆ ಬೆಲೆಬಾಳುವ ಎರಡು ವರ್ಷ ಕಳೆದುಹೋಗುತ್ತದೆ.

ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ಅಂಗನವಾಡಿಯಲ್ಲಿ ತಪಾಸಣೆ ಮಾಡುವುದು ವರ್ಷಕ್ಕೆ ಎರಡು ಸಲ. ಅನುಮಾನವಿರುವ ಮಕ್ಕಳ ಪಟ್ಟಿ ಮೊದಲೇ ಸಿದ್ಧವಿರಲಿ, ಆ ದಿನ ಗೈರಾಗದಂತೆ ಹಿಂದಿನ ಸಂಜೆಯೇ ಮನೆಗೆ ಹೇಳಿ ಬನ್ನಿ. ಮುಂದಿನ ತಪಾಸಣೆ ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಕೊಡುವ) ಕೇಂದ್ರದಲ್ಲಿ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಹಿಂದೆ ನಿಂತು ಚಪ್ಪಾಳೆ ತಟ್ಟಿ ‘ಕಿವಿ ಕೇಳುತ್ತದೆ’ ಎಂದು ನೀವೇ ತೀರ್ಮಾನಿಸಬೇಡಿ. ನೆರಳು ಅಲ್ಲಾಡಿದರೂ, ಗಾಳಿ ತಾಕಿದರೂ ಮಗು ತಿರುಗುತ್ತದೆ. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಬಾರದೆಂದು ಮನೆಯವರಿಗೆ ಒತ್ತಿ ಹೇಳಿ.

ಒಂದು ಎಚ್ಚರಿಕೆ. ತಾಂಡಾದ ಮಗು, ಇಟ್ಟಿಗೆ ಗೂಡಿಗೆ ವಲಸೆ ಬಂದವರ ಮಗು, ಮನೆಯಲ್ಲಿ ಉರ್ದುವನ್ನೋ ತುಳುವನ್ನೋ ಆಡುವ ಮಗು ಕನ್ನಡ ತಿಳಿಯದೆ ಸುಮ್ಮನಿದ್ದರೆ ಅದಕ್ಕೆ ‘ಮಂದ’ ಎಂಬ ಹಣೆಪಟ್ಟಿ ಬೀಳುತ್ತದೆ. ಮನೆಯಲ್ಲಿ ತನ್ನ ನುಡಿಯಲ್ಲಿ ಹೇಗೆ ಮಾತಾಡುತ್ತದೆ ಎಂದು ತಾಯಿಯನ್ನು ಕೇಳಿ. ಅಲ್ಲಿ ಚಟಪಟ ಮಾತಾಡುವ ಮಗುವಿಗೆ ಬೇಕಾಗಿರುವುದು ಭಾಷೆಯ ಸೇತುವೆ. ನೀರು, ಹಸಿವು, ಉಚ್ಚೆ, ಹೊಟ್ಟೆನೋವು, ಹೆದರಿಕೆ, ಅಮ್ಮ ಎಂಬಂಥ ಇಪ್ಪತ್ತು ಪದಗಳನ್ನು ತಾಯಿಯ ಬಾಯಿಂದ ಕೇಳಿ ಗೋಡೆಗೆ ಬರೆದು ಅಂಟಿಸಿ. ಲಂಬಾಣಿ ಮಗು ‘ಯಾಡಿ’ ಎಂದು ಅತ್ತಾಗ ಅದು ಅಮ್ಮನನ್ನು ಕರೆಯುತ್ತಿದೆ ಎಂದು ಸಹಾಯಕಿಗೂ ಗೊತ್ತಿರಬೇಕು.

ಹೊಸ್ತಿಲು

ಇಳಿಜಾರಿನ ಲೆಕ್ಕ 1:12. ಜಗಲಿ ಒಂದು ಅಡಿ ಎತ್ತರವಿದ್ದರೆ ಇಳಿಜಾರು 12 ಅಡಿ ಉದ್ದ, ಒಂದೂವರೆ ಅಡಿಗೆ 18 ಅಡಿ. ಮೇಸ್ತ್ರಿ ನಾಲ್ಕಡಿಯಲ್ಲಿ ಮುಗಿಸಿಬಿಡುತ್ತಾನೆ, ಬಿಲ್ಲೂ ಪಾಸಾಗುತ್ತದೆ. ಅದರ ಮೇಲೆ ಗಾಲಿಕುರ್ಚಿ ಹತ್ತಿಸುವುದು ಯಾವ ತಾಯಿಯಿಂದಲೂ ಆಗದು, ಇಳಿಸುವಾಗ ಕೈತಪ್ಪುತ್ತದೆ. ಜಾಗ ಸಾಲದಿದ್ದರೆ ಗೋಡೆಯ ಗುಂಟ ತಿರುಗಿಸಿ ಕಟ್ಟಿಸಿ. ಅಗಲ 4 ಅಡಿ, ಬಾಗಿಲ ಮುಂದೆ 5 ಅಡಿ ಸಮತಟ್ಟು, ಪಕ್ಕದಲ್ಲಿ ಕೈಪಟ್ಟಿ. ಮೇಲ್ಮೈಯನ್ನು ನುಣ್ಣಗೆ ಉಜ್ಜಿಸಬೇಡಿ. ಸಿಮೆಂಟ್ ಹಸಿಯಿದ್ದಾಗಲೇ ಪೊರಕೆಯಿಂದ ಅಡ್ಡ ಗೀರು ಎಳೆಸಿದರೆ ಮಳೆಗಾಲದಲ್ಲಿ ಜಾರದು. ಹಣಕ್ಕೆ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಠರಾವು ಮಾಡಿ ಗ್ರಾಮ ಪಂಚಾಯಿತಿಗೆ ಕೊಡಿ, ಅಂಗವಿಕಲರಿಗೆಂದು ಮೀಸಲಿಟ್ಟ ಅನುದಾನದಲ್ಲಿ ಕೇಳಿ. ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕೆಲಸ ನೋಡಿಕೊಳ್ಳುವ ವಿಆರ್‌ಡಬ್ಲ್ಯುಗೆ ಈ ದಾರಿ ಗೊತ್ತಿರುತ್ತದೆ.

ಕೂರಿಸುವುದು

ಸ್ನಾಯುಗಳ ಬಿಗಿತವಿರುವ ಮಗು ಪದೇಪದೇ ವಾಲುತ್ತಿದ್ದರೆ ಅದರ ಶಕ್ತಿಯೆಲ್ಲ ಬೀಳದಂತೆ ಉಳಿಯುವುದಕ್ಕೇ ಹೋಗುತ್ತದೆ, ಬಳಪ ಹಿಡಿಯಲು ಕೈ ಬಿಡುವಾಗುವುದಿಲ್ಲ. ನೆಲದ ಮೇಲಾದರೆ ಎರಡು ಗೋಡೆ ಕೂಡುವ ಮೂಲೆಗೆ ಬೆನ್ನು ಕೊಟ್ಟು ಕೂರಿಸಿ, ಎರಡೂ ಬದಿಯಿಂದ ಆಸರೆ ಸಿಗುತ್ತದೆ. ಕಾಲು ಕತ್ತರಿಯಂತೆ ಕೂಡಿಕೊಳ್ಳುತ್ತಿದ್ದರೆ ಮೊಣಕಾಲುಗಳ ನಡುವೆ ಸುತ್ತಿದ ಟವೆಲ್ ಇಡಿ. ಕುರ್ಚಿಯಾದರೆ ಪಾದ ಪೂರ್ತಿ ಊರಬೇಕು. ನೇತಾಡುತ್ತಿದ್ದರೆ ಕೆಳಗೆ ಮಣೆ ಹಾಕಿ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸಿ. ಮೂಲೆ ಎಂದಾಕ್ಷಣ ಮಗು ಒಂಟಿಯಾಗಬಾರದು, ಉಳಿದ ಮಕ್ಕಳ ವೃತ್ತವನ್ನೇ ಅಲ್ಲಿಗೆ ಎಳೆದುಕೊಳ್ಳಿ.

ಕಿವಿ ಮಂದವಿರುವ ಮಗುವಿಗೆ ನಿಮ್ಮ ತುಟಿ ಕಾಣಬೇಕು. ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮುಖ ಕಪ್ಪಾಗುತ್ತದೆ, ಬೆಳಕು ಮುಖಕ್ಕೆ ಬೀಳುವಂತೆ ನಿಲ್ಲಿ. ಕಿರುಚುವುದರಿಂದ ಲಾಭವಿಲ್ಲ, ತುಟಿಯ ಆಕಾರ ಕೆಡುತ್ತದೆ ಅಷ್ಟೆ. ದೃಷ್ಟಿ ಮಂದವಿರುವ ಮಗುವಿಗೆ ಹೊಳೆಯುವ ಸ್ಟೀಲ್ ತಟ್ಟೆಯ ಅನ್ನ ಕಾಣಿಸುವುದಿಲ್ಲ, ಕಡುಬಣ್ಣದ ತಟ್ಟೆ ಕೊಟ್ಟು ನೋಡಿ.

ಸದ್ದು, ಗದ್ದಲ ತಾಳಲಾರದೆ ಕಿವಿ ಮುಚ್ಚಿಕೊಳ್ಳುವ, ಚಟುವಟಿಕೆ ಬದಲಾದಾಗಲೆಲ್ಲ ಅಳುವ ಮಗುವಿಗೆ ದಿನಚರಿಯ ಐದಾರು ಚಿತ್ರಗಳನ್ನು ಸಾಲಾಗಿ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಹಾಕಿ: ಪ್ರಾರ್ಥನೆ, ಹಾಡು, ಆಟ, ಕೈತೊಳೆಯುವುದು, ಊಟ. ಒಂದು ಮುಗಿದಾಗ ಮಗುವೇ ಆ ಚಿತ್ರ ತೆಗೆಯಲಿ. ಕುಕ್ಕರ್ ಕೂಗುವ ಮುಂಚೆ ಹೇಳಿ. ಕಣ್ಣಿಗೆ ಕಣ್ಣಿಟ್ಟು ನೋಡೆಂದು ಗದ್ದ ಹಿಡಿದು ಎತ್ತಬೇಡಿ.

ಕೆಲಸ ಒಡೆದು ಕಲಿಸುವುದು

‘ಪಾಪ’ ಎಂದು ಎಲ್ಲರೂ ಎಲ್ಲವನ್ನೂ ಮಾಡಿಕೊಡುವುದರಿಂದ ಆಗುವ ನಷ್ಟ ದೊಡ್ಡದು. ಚಡ್ಡಿ ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಕೊನೆಯಿಂದ ಕಲಿಸಿ: ಕಾಲು ತೂರಿಸಿ ತೊಡೆಯವರೆಗೆ ನೀವು ಎಳೆಯಿರಿ, ಸೊಂಟಕ್ಕೆ ಏರಿಸುವುದು ಮಾತ್ರ ಮಗುವಿನ ಪಾಲು. ಅದು ನಾಲ್ಕೈದು ದಿನ ತಪ್ಪದೆ ಬಂದ ಮೇಲೆ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಮೊದಲಿನಿಂದ ಶುರುಮಾಡಿದರೆ ಮಗು ನಡುವೆಯೇ ಸೋತು ಬಿಡುತ್ತದೆ. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಮುಗಿಸಿದ ಖುಷಿ ಅದರದ್ದೇ.

ಊಟ

ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಮಲಗಿಸಿ ಅಥವಾ ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ. ನೆಟ್ಟಗೆ ಕೂರಿಸಿ, ಗದ್ದ ತುಸು ಎದೆಯ ಕಡೆಗಿರಲಿ, ನೀವು ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ಚಿಕ್ಕ ಚಮಚದಲ್ಲಿ ಕೊಡಿ. ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನ ತುತ್ತು. ನುಂಗಲು ಕಷ್ಟಪಡುವ ಮಗುವಿಗೆ ಸಾಮಾನ್ಯವಾಗಿ ಗಟ್ಟಿ ಅಂಬಲಿಗಿಂತ ನೀರು, ತೆಳು ಸಾರು, ಹಾಲು ಹೆಚ್ಚು ಅಪಾಯ. ಹಾಲನ್ನು ರಾಗಿ ಹಿಟ್ಟು ಹಾಕಿ ಕಾಯಿಸಿ ಮಂದ ಮಾಡಬಹುದು. ಚಿತ್ರಾನ್ನದ ಕಡಲೆಬೀಜ ಆರಿಸಿ ತೆಗೆಯಿರಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಉಣ್ಣುವಾಗಲೆಲ್ಲ ಕೆಮ್ಮು, ಗಂಟಲಲ್ಲಿ ಗೊರಗೊರ, ಮರುಕಳಿಸುವ ನ್ಯುಮೋನಿಯಾ ಇದ್ದರೆ ತಡಮಾಡದೆ ಡಿಇಐಸಿಗೆ ಕಳಿಸಿ, ಯಾವ ಹದದ ಊಟ ಎಂದು ಅಲ್ಲಿ ಕೇಳಿಕೊಂಡು ಬರಲಿ.

ಒಂದನೇ ತರಗತಿಗೆ ಕಳಿಸುವಾಗ

ಬೇಸಿಗೆ ರಜೆಗೆ ಮುಂಚೆ ಮಗುವನ್ನು ಎರಡು ಮೂರು ಸಲ ಶಾಲೆಗೆ ಕರೆದೊಯ್ದು ಕೋಣೆ, ಶೌಚಾಲಯ ತೋರಿಸಿ. ಅಲ್ಲಿನ ಶಿಕ್ಷಕರ ಕೈಗೆ ಒಂದು ಪುಟ ಬರೆದು ಕೊಡಿ: ಎಲ್ಲಿ ಕೂತರೆ ಕೇಳಿಸುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ, ಯಾವ ಹಾಡಿಗೆ ಅಳು ನಿಲ್ಲಿಸುತ್ತದೆ, ಯಾರ ಜೊತೆ ಗೆಳೆತನವಿದೆ, ಉಚ್ಚೆಗೆ ಹೋಗಬೇಕಾದಾಗ ಯಾವ ಸನ್ನೆ ಮಾಡುತ್ತದೆ.