ದೂರದೂರ ಇರುವ ಮನೆಯವರನ್ನೆಲ್ಲ ಒಂದೇ ರಜೆಯಲ್ಲಿ ನೋಡೋದು: ನನ್ನ ಅನುಭವ

ಹೊರದೇಶದಲ್ಲಿ ಇರುವವರಿಗೆ ಉದ್ದ ರಜೆ ಸಿಗುವುದೇ ಅಪರೂಪ. ಸಿಕ್ಕಾಗ ಹೋಗಬೇಕಾದ ಮನೆಗಳು ದಿಕ್ಕಿಗೊಂದು ಇರುತ್ತವೆ. ಅಪ್ಪ ಅಮ್ಮ ಒಂದು ಊರಲ್ಲಿ, ಅಕ್ಕ ಇನ್ನೊಂದು ತುದಿಯಲ್ಲಿ, ದೊಡ್ಡಮ್ಮ ರೈಲು ಇಳಿದ ಮೇಲೂ ಬಸ್ಸು ಹತ್ತಬೇಕಾದ ಜಾಗದಲ್ಲಿ, ಅಣ್ಣ ಬೇರೆ ದೇಶದಲ್ಲೇ. ನಾನು ವರ್ಷಗಳಿಂದ ಹೀಗೆ ಓಡಾಡುತ್ತಾ ಇದ್ದೇನೆ. ಈಗ ಒಂದು ಕ್ರಮ ಕೈಗೆ ಹತ್ತಿದೆ. ಮೊದಲ ಸಲ ಹೊರಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಊರುಗಳ ಪಟ್ಟಿ ಮಾಡೋದಿಲ್ಲ, ಜನರ ಪಟ್ಟಿ ಮಾಡುತ್ತೇನೆ. ನಕ್ಷೆ ಮುಂದಿಟ್ಟುಕೊಂಡು ಕೂತರೆ ಹತ್ತಿರದ ಊರುಗಳು ತಾವಾಗಿಯೇ ಮೊದಲು ಬಂದುಬಿಡುತ್ತವೆ, ದೂರದ್ದು ಕೊನೆಗೆ ಹೋಗುತ್ತದೆ. ಕೊನೆಗೆ ಇಟ್ಟಿದ್ದೇ ಕೈತಪ್ಪೋದು. ನಡುವೆ ಮಳೆ ಬರುತ್ತದೆ, ಜ್ವರ ಬರುತ್ತದೆ, ಮುಷ್ಕರ ಆಗುತ್ತದೆ, ಆಫೀಸಿನಿಂದ ಕರೆ ಬರುತ್ತದೆ. ಎರಡು ದಿನ ಕಡಿಮೆ ಆದರೆ ಕತ್ತರಿ ಬೀಳೋದು ಆ ಕೊನೆಯ ಮನೆಗೇ. ಅಲ್ಲಿ ಇರುವವರೇ ಬಹಳ ಸಲ ಎಲ್ಲರಿಗಿಂತ ವಯಸ್ಸಾದವರು, ಮುಂದಿನ ರಜೆಯವರೆಗೆ ಕಾಯಿರಿ ಅಂತ ಹೇಳೋಕೆ ಆಗದವರು.

ಹಾಗಾಗಿ ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆದುಕೊಳ್ಳುತ್ತೇನೆ. ಇವರಿಗೆ ಪ್ರಯಾಣ ಮಾಡೋಕೆ ಆಗುತ್ತದಾ? ನಾನು ಈ ಸಲ ಹೋಗದಿದ್ದರೆ ಮುಂದೆ ಯಾವಾಗ ನೋಡಲು ಆಗಬಹುದು? ಎರಡಕ್ಕೂ ಉತ್ತರ ಸರಿ ಇಲ್ಲದವರು ಮೊದಲು. ಓಡಾಡುವ ಶಕ್ತಿ ಇರುವ ತಮ್ಮ ತಂಗಿಯರಿಗೆ, ಕಸಿನ್‌ಗಳಿಗೆ ನೇರವಾಗಿ ಹೇಳುತ್ತೇನೆ: ನಾನು ದೊಡ್ಡಮ್ಮನ ಮನೆಯಲ್ಲಿ ಇಂಥ ವಾರ ಇರುತ್ತೇನೆ, ನೀವೇ ಅಲ್ಲಿಗೆ ಬನ್ನಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಅವರೂ ದೊಡ್ಡಮ್ಮನನ್ನು ನೋಡಿ ಬಹಳ ದಿನ ಆಗಿರುತ್ತದೆ ಅಲ್ವಾ.

ಎಲ್ಲರನ್ನೂ ಒಂದೇ ಕಡೆ ಸೇರಿಸಿ ಒಂದು ದೊಡ್ಡ ಊಟ ಹಾಕಿಸಿದರೆ ಮುಗೀತಲ್ಲ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಸೇರೋದು ಚೆನ್ನಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಆ ಗದ್ದಲದಲ್ಲಿ ಒಬ್ಬೊಬ್ಬರ ಜೊತೆ ಐದು ನಿಮಿಷ ಮಾತು ಸಿಕ್ಕರೆ ಹೆಚ್ಚು. ಕಿವಿ ಮಂದ ಇರುವವರು ಸುಮ್ನೆ ನಗುತ್ತಾ ಮೂಲೆಯಲ್ಲಿ ಕೂತಿರುತ್ತಾರೆ. ಅವರನ್ನು ನೋಡೋಕೆ ಅಂತಲೇ ಅಷ್ಟು ದೂರದಿಂದ ಬಂದಿರುತ್ತೇವೆ.

ಆದರೆ ವಿಮಾನ ಇಳಿದ ಕೂಡಲೇ ದೊಡ್ಡಮ್ಮನ ಮನೆಗೆ ಓಡೋದಿಲ್ಲ. ಐದಾರು ಟೈಮ್ ಝೋನ್ ದಾಟಿ ಬಂದ ದೇಹ ಹೊಸ ಗಂಟೆಗೆ ಹೊಂದಿಕೊಳ್ಳೋದು ಹೆಚ್ಚು ಕಡಿಮೆ ದಿನಕ್ಕೆ ಒಂದು ಗಂಟೆಯಷ್ಟೇ. ಅದರಲ್ಲೂ ಪೂರ್ವಕ್ಕೆ ಬರುವಾಗ ಕಷ್ಟ ಜಾಸ್ತಿ. ನಮ್ಮ ಒಳಗಿನ ಗಡಿಯಾರ 24 ಗಂಟೆಗಿಂತ ಚೂರು ಉದ್ದ, ಹಾಗಾಗಿ ತಡವಾಗಿ ಮಲಗು ಅಂದರೆ ಒಪ್ಪುತ್ತದೆ, ಬೇಗ ಮಲಗು ಅಂದರೆ ಒಪ್ಪೋದಿಲ್ಲ. ಮಾತಿನ ನಡುವೆ ತೂಕಡಿಸುವ ಅತಿಥಿಯನ್ನು ನೋಡಿದರೆ ಹಿರಿಯರಿಗೆ ಗಾಬರಿ ಆಗುತ್ತದೆ, ಮೈ ಹುಷಾರಿಲ್ಲವೇನೋ ಅಂತ. ಮೊದಲ ಎರಡು ಮೂರು ದಿನ ನಾನು ವಿಮಾನ ನಿಲ್ದಾಣಕ್ಕೆ ಹತ್ತಿರ ಇರುವ, ಉಪಚಾರ ನಿರೀಕ್ಷೆ ಮಾಡದ ಒಬ್ಬರ ಮನೆಯಲ್ಲಿ ಇರುತ್ತೇನೆ. ಹಗಲು ಹೊತ್ತು ಬಿಸಿಲಲ್ಲಿ ನಡೆಯುತ್ತೇನೆ, ಮಧ್ಯಾಹ್ನ ನಿದ್ದೆ ಬಂದರೆ ಅರ್ಧ ಗಂಟೆಗೆ ಅಲಾರಂ ಇಟ್ಟು ಮಲಗುತ್ತೇನೆ. ಆಮೇಲೆ ಸೀದಾ ದೊಡ್ಡಮ್ಮನ ಹತ್ತಿರ.

ಟಿಕೆಟ್ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಹಣಕ್ಕಿಂತ ದಿನಗಳು ಇಲ್ಲೇ ಉಳಿಯೋದು, ಇಲ್ಲೇ ಹಾಳಾಗೋದು. ಮಾಮೂಲಿ ಹೋಗಿಬರುವ ಟಿಕೆಟ್ ತೆಗೆದರೆ ಇಳಿದ ಊರಿಗೇ ವಾಪಸ್ ಬಂದು ಹತ್ತಬೇಕು. ಮನೆಗಳು ಒಂದು ಸಾಲಿನಲ್ಲಿ ಹರಡಿಕೊಂಡಿದ್ದರೆ ಆ ವಾಪಸ್ ಪ್ರಯಾಣಕ್ಕೆ ಒಂದು ಇಡೀ ದಿನ ಹೋಗುತ್ತದೆ. ಅದರ ಬದಲು ಒಂದು ಊರಲ್ಲಿ ಇಳಿದು ಇನ್ನೊಂದು ಊರಿನಿಂದ ಹೊರಡುವ ಓಪನ್ ಜಾ ಟಿಕೆಟ್ ಇದೆ. ಬುಕಿಂಗ್ ಪುಟಗಳಲ್ಲಿ ಮಲ್ಟಿ ಸಿಟಿ ಅಂತ ಇರುತ್ತದಲ್ಲ, ಅಲ್ಲಿ ಹುಡುಕಿದರೆ ಸಿಗುತ್ತದೆ. ಬೆಲೆ ಎರಡು ಒನ್ ವೇ ಸೇರಿಸಿದ್ದಕ್ಕಿಂತ ಬಹಳ ಸಲ ಕಡಿಮೆಯೇ ಇರುತ್ತದೆ. ಬೇರೆ ದೇಶದಲ್ಲಿರುವ ಅಣ್ಣನ ಊರು ದಾರಿಯಲ್ಲೇ ಬರುವುದಾದರೆ ಅಲ್ಲಿ ಸ್ಟಾಪ್‌ಓವರ್ ಕೇಳಬಹುದು. ಅಂತರರಾಷ್ಟ್ರೀಯ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ 24 ಗಂಟೆ ಒಳಗಿನ ನಿಲುಗಡೆ ಕನೆಕ್ಷನ್, ಅದಕ್ಕಿಂತ ಜಾಸ್ತಿ ಆದರೆ ಸ್ಟಾಪ್‌ಓವರ್. ದರದ ನಿಯಮ ಬೇರೆ ಬೇರೆ ಇರುತ್ತದೆ, ಕೇಳಿಯೇ ತೆಗೆಯಬೇಕು.

ಇನ್ನೊಂದು ನಿಯಮ ಎಷ್ಟೋ ಜನರಿಗೆ ಗೊತ್ತೇ ಇರೋದಿಲ್ಲ. ಒಂದೇ ಟಿಕೆಟ್‌ನಲ್ಲಿ ನಾಲ್ಕು ಹಾರಾಟ ಇದ್ದು ನಡುವಿನ ಒಂದನ್ನು ಹೇಳದೆ ಬಿಟ್ಟರೆ, ಸಾಮಾನ್ಯವಾಗಿ ಮುಂದಿನವೆಲ್ಲ ತಾವಾಗಿಯೇ ರದ್ದಾಗುತ್ತವೆ. ಅಕ್ಕ ಕಾರಲ್ಲೇ ಕರೆದುಕೊಂಡು ಹೋಗುತ್ತೇನೆ ಅಂದಳು, ಆ ಒಂದು ವಿಮಾನ ಬಿಟ್ಟುಬಿಡೋಣ ಅಂತ ಅನ್ನಿಸುತ್ತದೆ. ಬಿಡುವ ಮೊದಲು ಏರ್‌ಲೈನ್‌ಗೆ ಫೋನ್ ಮಾಡಿ ಬದಲಾಯಿಸಿಕೊಳ್ಳಬೇಕು. ಹಾಗೆ ಬದಲಾಗುವ ಸಾಧ್ಯತೆ ಇರುವ ಒಳಗಿನ ಪ್ರಯಾಣಗಳನ್ನು ನಾನು ಮುಖ್ಯ ಟಿಕೆಟ್‌ಗೆ ಸೇರಿಸೋದೇ ಇಲ್ಲ, ರೈಲಲ್ಲೋ ಬಸ್ಸಲ್ಲೋ ಬೇರೆಯಾಗಿ ಮಾಡಿಕೊಳ್ಳುತ್ತೇನೆ. ಬೇರೆ ಟಿಕೆಟ್‌ಗೆ ಅದರದ್ದೇ ತೊಂದರೆ ಇದೆ. ಮೊದಲ ವಿಮಾನ ತಡವಾದರೆ ಎರಡನೆಯವರು ಕಾಯೋದಿಲ್ಲ, ಹೊಣೆಯೂ ಹೊರೋದಿಲ್ಲ. ಬ್ಯಾಗಿನ ತೂಕದ ಮಿತಿಯೂ ಅಲ್ಲಿ ಬಹಳ ಸಲ ಕಡಿಮೆ ಇರುತ್ತದೆ. ಅದಕ್ಕೇ ಎರಡು ಬೇರೆ ಟಿಕೆಟ್‌ಗಳ ನಡುವೆ ಒಂದು ರಾತ್ರಿ ಬಿಡುತ್ತೇನೆ. ಇದರಲ್ಲಿ ರಾಜಿ ಇಲ್ಲ.

ದಾರಿಯಲ್ಲಿ ಸಿಗುವ ದೇಶಗಳ ವೀಸಾ ನೋಡಿಕೊಳ್ಳಿ. ಅಮೆರಿಕದಲ್ಲಿ ಸುಮ್ನೆ ವಿಮಾನ ಬದಲಿಸುವವರೂ ಇಮಿಗ್ರೇಷನ್ ದಾಟಲೇಬೇಕು. ಯುರೋಪಿನ ಕೆಲವು ನಿಲ್ದಾಣಗಳಲ್ಲಿ ಕೆಲವು ದೇಶದವರಿಗೆ ಟ್ರಾನ್ಸಿಟ್ ವೀಸಾ ಬೇಕು. ಪಾಸ್‌ಪೋರ್ಟ್ ಅವಧಿ ಇನ್ನೂ 6 ತಿಂಗಳು ಇರಬೇಕು ಅಂತ ಹಲವು ದೇಶಗಳು ಕೇಳುತ್ತವೆ. ಮಗುವಿನ ಜೊತೆ ಅಪ್ಪ ಅಮ್ಮನಲ್ಲಿ ಒಬ್ಬರೇ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಕೈಯಲ್ಲಿರಲಿ. ಮಗುವಿಗೆ ಪ್ರಯಾಣದ ನಡುವೆ 2 ವರ್ಷ ತುಂಬುವುದಾದರೆ ವಾಪಸ್ ಬರುವಾಗ ಬೇರೆ ಸೀಟು ತೆಗೆಯಬೇಕಾಗುತ್ತದೆ, ಇದನ್ನು ಮೊದಲೇ ಲೆಕ್ಕ ಹಾಕಿ.

ಸಾಮಾನಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಔಷಧಿ, ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ. ಪವರ್ ಬ್ಯಾಂಕ್ ಕೂಡ ಕೈಚೀಲದಲ್ಲೇ, ಚೆಕ್ ಇನ್ ಬ್ಯಾಗಿಗೆ ಹಾಕೋ ಹಾಗಿಲ್ಲ. ಅದರ ಬ್ಯಾಟರಿ ಸಾಮರ್ಥ್ಯ 100 ವಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ಅನುಮತಿ ಕೇಳಬೇಕಿಲ್ಲ. ಬ್ಯಾಗ್ ಬರದಿದ್ದರೆ ನಿಲ್ದಾಣ ಬಿಟ್ಟು ಹೊರಡುವ ಮೊದಲೇ ದೂರು ಬರೆಸಿ ಅದರ ನಂಬರ್ ತೆಗೆದುಕೊಳ್ಳಿ. ಏರ್‌ಲೈನ್‌ಗಳ ಹೊಣೆಯ ಬಗ್ಗೆ ದೇಶಗಳು ಮಾಡಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನ ಆದರೂ ಬರದ ಬ್ಯಾಗ್ ಕಳೆದುಹೋದ ಲೆಕ್ಕ, ಪರಿಹಾರ ಕೇಳಬಹುದು. ಬ್ಯಾಗ್ ಒಡೆದು ಬಂದಿದ್ದರೆ 7 ದಿನದೊಳಗೆ ಬರೆದು ಕೊಡಬೇಕು. ಮನೆಯಿಂದ ಮನೆಗೆ ತಿರುಗುತ್ತಾ ಇರುವಾಗ ಈ 7 ದಿನ ಗೊತ್ತೇ ಆಗದೆ ಕಳೆದುಹೋಗುತ್ತದೆ. ಬ್ಯಾಗ್ ತಲುಪಿಸಲು ಯಾವ ವಿಳಾಸ ಕೊಡೋದು ಅನ್ನೋದೂ ಪ್ರಶ್ನೆಯೇ. ನಾನು ಯಾವಾಗಲೂ ಮೊದಲ ಮನೆಯ ವಿಳಾಸವನ್ನೇ ಕೊಡುತ್ತೇನೆ.

ಇನ್ನು ಮನೆಯೊಳಗಿನ ಮಾತು. ಒಂದು ಮನೆಗೆ ಕಡಿಮೆ ಅಂದರೆ ಎರಡು ರಾತ್ರಿ ಇಲ್ಲದಿದ್ದರೆ ಹೋಗಿ ಪ್ರಯೋಜನ ಇಲ್ಲ ಅಂತ ನನ್ನ ನಂಬಿಕೆ. ಬಂದ ದಿನ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ಬಿಪಿ ಸರಿ ಇದೆ, ಕಾಲು ನೋವು ಇಲ್ಲ, ಚಿಂತೆ ಮಾಡಬೇಡ. ಎರಡನೇ ದಿನ ಬೆಳಿಗ್ಗೆ ನಿಜ ಸಂಗತಿ ತಾನಾಗಿ ಕಾಣುತ್ತದೆ. ಮಹಡಿ ಹತ್ತೋದನ್ನು ಬಿಟ್ಟಿದ್ದಾರೆ. ಫೋನಿನ ಅಕ್ಷರ ಕಾಣದೆ ಮೆಸೇಜ್ ಓದೋದನ್ನೇ ಬಿಟ್ಟಿದ್ದಾರೆ. ದೂರದಿಂದ ವಿಡಿಯೋ ಕಾಲ್‌ನಲ್ಲಿ ಇದು ಯಾವುದೂ ತಿಳಿಯೋದಿಲ್ಲ, ಅಲ್ಲಿ ಬರೀ ಮುಖ ಕಾಣುತ್ತದೆ.

ಹಾಗಾಗಿ ಎರಡನೇ ದಿನ ಜೊತೆಯಲ್ಲಿ ಮಾಡುವ ಒಂದು ಕೆಲಸ ಇಟ್ಟುಕೊಳ್ಳುತ್ತೇನೆ. ದೊಡ್ಡಮ್ಮನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಇಬ್ಬರೂ ಕೂರುತ್ತೇವೆ. ಪ್ರತಿ ಪಟ್ಟಿಯ ಹಿಂದೆ ಎಕ್ಸ್‌ಪೈರಿ ನೋಡೋದು, ವೈದ್ಯರ ಚೀಟಿಗೆ ತಾಳೆ ಹಾಕೋದು. ಒಂದೇ ಮಾತ್ರೆ ಎರಡು ಬೇರೆ ಕಂಪನಿ ಹೆಸರಲ್ಲಿ ಇರೋದು ಅಲ್ಲೇ ಗೊತ್ತಾಗೋದು, ಒಳಗಿನ ಔಷಧಿಯ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂಥದ್ದು ಸಿಕ್ಕರೆ ನಾವೇ ನಿಲ್ಲಿಸೋದಿಲ್ಲ, ಫೋಟೋ ತೆಗೆದು ಅವರ ವೈದ್ಯರಿಗೆ ತೋರಿಸುತ್ತೇವೆ. ಬೆಳಿಗ್ಗೆಯದ್ದು ರಾತ್ರಿಯದ್ದು ಬೇರೆ ಮಾಡಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುತ್ತೇನೆ. ಈ ಒಂದು ಗಂಟೆಯಲ್ಲಿ ಅವರು ಆಡುವ ಮಾತು, ಹೇಗಿದ್ದೀರಿ ಅಂತ ಕೇಳಿ ಕೂತರೆ ಬರೋದೇ ಇಲ್ಲ. ಕೈಗೆ ಕೆಲಸ ಇದ್ದಾಗ ಬಾಯಿ ತೆರೆಯುತ್ತದೆ.

ಇನ್ನೊಂದು ಕೆಲಸ ಹಳೆಯ ಫೋಟೋಗಳದ್ದು. ಹಿಂದೆ ಹೆಸರು ಬರೆಯದ ಫೋಟೋಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಯಾರು, ಯಾವ ವರ್ಷ, ಎಲ್ಲಿ ಅಂತ ಕೇಳಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಹಿಂಬದಿಯ ಅಂಚಿನಲ್ಲಿ ಬರೆಯುತ್ತೇನೆ. ಪೆನ್ ಬೇಡ, ಶಾಯಿ ಮುಂದಕ್ಕೆ ಹಾಯುತ್ತದೆ. ಫೋನಿನಲ್ಲಿ ಎರಡೂ ಬದಿ ಫೋಟೋ ತೆಗೆದು, ಅವರು ಹೇಳುತ್ತಿರುವಾಗ ಕೇಳಿಯೇ ರೆಕಾರ್ಡಿಂಗ್ ಹಾಕಿಡುತ್ತೇನೆ. ಒಂದು ಫೋಟೋದಲ್ಲಿ ಕುರ್ಚಿ ಹಿಡಿದು ನಿಂತ ಹುಡುಗಿ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮ ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದರು. ತನ್ನ ಅಕ್ಕ ಅಂದರು, ಶಾಲೆ ಬಿಡಿಸಿದ ವರ್ಷ ತೆಗೆದದ್ದು ಅಂದರು. ಅಂಥ ಒಬ್ಬ ಅಕ್ಕ ಇದ್ದರು ಅಂತ ನನ್ನ ತಲೆಮಾರಿನವರು ಕೇಳಿದ್ದೇ ಇಲ್ಲ. ಆ ಮಧ್ಯಾಹ್ನ ನಾವು ಬೇರೆ ಯಾವ ಫೋಟೋವನ್ನೂ ನೋಡಲಿಲ್ಲ, ಅವರು ಹೇಳುತ್ತಾ ಹೋದರು, ನಾನು ಕೇಳುತ್ತಾ ಕೂತೆ.

ನಮ್ಮ ಮನೆಗೆ ಯಾಕೆ ಕಡಿಮೆ ದಿನ ಅನ್ನುವ ಮಾತು ಬಂದೇ ಬರುತ್ತದೆ. ಅದು ಪ್ರೀತಿಯಿಂದಲೇ ಬರುವ ಮಾತು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಾನು ಹೊರಡುವ ಒಂದು ತಿಂಗಳು ಮೊದಲೇ ಪೂರ್ತಿ ಕ್ಯಾಲೆಂಡರ್ ಅನ್ನು ಮನೆಯವರ ಗುಂಪಿಗೆ ಹಾಕುತ್ತೇನೆ, ಯಾರ ಮನೆಯಲ್ಲಿ ಯಾವ ದಿನ ಅಂತ ಎಲ್ಲರಿಗೂ ಒಂದೇ ಸಲ ತಿಳಿಯುತ್ತದೆ. ಯಾರನ್ನು ಯಾಕೆ ಮೊದಲು ನೋಡುತ್ತಿದ್ದೇನೆ ಅಂತಲೂ ಬರೆಯುತ್ತೇನೆ. ಕ್ಯಾಲೆಂಡರ್‌ನಲ್ಲಿ ಕೆಲವು ದಿನ ಖಾಲಿ ಇರುತ್ತವೆ, ಅವನ್ನು ಯಾರಿಗೂ ಮಾತು ಕೊಡೋದಿಲ್ಲ. ಯಾರದ್ದೋ ಆಸ್ಪತ್ರೆ ಓಡಾಟಕ್ಕೆ, ಬ್ಯಾಂಕಿನ ಒಂದು ಸಹಿಗೆ, ಇನ್ನೊಂದು ದಿನ ಇರು ಅಂದವರ ಮನೆಗೆ ಆ ದಿನಗಳು ಹೋಗುತ್ತವೆ. ಖಾಲಿ ಉಳಿದಿದ್ದು ಅಂತ ನನಗೆ ನೆನಪೇ ಇಲ್ಲ.

ಪ್ರತಿ ಮನೆಯಿಂದ ಹೊರಡುವ ಮೊದಲು ಮುಂದಿನ ಕರೆಗಳ ದಿನ ಗೊತ್ತು ಮಾಡಿಕೊಳ್ಳುತ್ತೇವೆ. ವಾರದಲ್ಲಿ ಯಾವ ದಿನ, ಅವರ ಗಡಿಯಾರದಲ್ಲಿ ಎಷ್ಟು ಗಂಟೆಗೆ ಅಂತ ದೊಡ್ಡದಾಗಿ ಬರೆದು ಫೋನಿನ ಹತ್ತಿರ ಅಂಟಿಸುತ್ತೇನೆ. ನಾನಿರುವ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ, ಅವರ ಕಡೆ ಆಗೋದಿಲ್ಲ. ಹಾಗಾಗಿ ಅವರ ಗಂಟೆ ಬದಲಾಗೋದು ಬೇಡ, ಅಲಾರಂ ಬದಲಾಯಿಸಿಕೊಳ್ಳೋದು ನನ್ನ ಕೆಲಸ.