ಊಟದ ಹೊತ್ತಿಗೇ ನಿಲ್ಲುತ್ತಿದ್ದ ಮ್ಯಾಚ್

ನಮ್ಮ ಸ್ಮಾರ್ಟ್ ಟಿವಿಯಲ್ಲಿ ಸಿನಿಮಾ ಆರಾಮಾಗಿ ಓಡುತ್ತಿತ್ತು. ಲೈವ್ ಕ್ರಿಕೆಟ್ ಮಾತ್ರ ರಾತ್ರಿ ಎಂಟೂವರೆ ಹೊತ್ತಿಗೆ ನಿಂತು, ಚಕ್ರ ತಿರುಗುತ್ತಿತ್ತು. ಇಂಟರ್ನೆಟ್ ಕೊಟ್ಟವರನ್ನು ಸುಮ್ನೆ ಬೈದುಕೊಂಡೆ. ಫೋನಿನಲ್ಲಿ ನೋಡಿದರೆ ಸ್ಪೀಡ್ 80 ಎಂಬಿಪಿಎಸ್ ಇತ್ತು. ಎಚ್‌ಡಿಗೆ 5 ಇದ್ದರೂ ಹೆಚ್ಚುಕಡಿಮೆ ಸಾಕು.

ಮೂರನೇ ದಿನ ಗುಟ್ಟು ಗೊತ್ತಾಯಿತು. ಅಮ್ಮ ಸಾರು ಬಿಸಿ ಮಾಡಲು ಮೈಕ್ರೋವೇವ್ ಹಾಕಿದಾಗಲೇ ಈ ಕಾಟ! ಓವನ್ ಕೆಲಸ ಮಾಡುವುದು ಸುಮಾರು 2.4 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯ ಅಲೆಯಲ್ಲಿ. ಟಿವಿ ಹಿಡಿದಿದ್ದ ವೈಫೈ ಕೂಡ ಅದೇ. ಓವನ್ನಿಂದ ಸೋರುವ ಚೂರು ಅಲೆಯೇ ವೈಫೈಗೆ ದೊಡ್ಡ ಗದ್ದಲ.

ಹಾಗಾದರೆ ಸಿನಿಮಾ ಯಾಕೆ ನಿಲ್ಲಲಿಲ್ಲ? ಇಂಟರ್ನೆಟ್ ಟಿವಿಗೆ ವಿಡಿಯೋ ಬರುವುದು ಕೆಲವೇ ಸೆಕೆಂಡುಗಳ ತುಂಡುಗಳಾಗಿ. ಸಿನಿಮಾದ ಮುಂದಿನ ತುಂಡುಗಳನ್ನು ಟಿವಿ ಮೊದಲೇ ತಂದಿಟ್ಟುಕೊಳ್ಳುತ್ತದೆ. ಲೈವ್‌ನಲ್ಲಿ ಮುಂದಿನ ಬಾಲ್ ಇನ್ನೂ ಹಾಕಿಯೇ ಇಲ್ಲ, ಎಲ್ಲಿಂದ ತರುತ್ತದೆ ಅಲ್ವಾ?

ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದೆ. ಅದಕ್ಕೆ ಗೋಡೆ ದಾಟುವುದು ಕಷ್ಟ, ನಮ್ಮಲ್ಲಿ ನಡುವೆ ಎರಡು ಗೋಡೆ. ಕೊನೆಗೆ ರೂಟರ್‌ನಿಂದ ಟಿವಿಗೆ 15 ಮೀಟರ್ ಲ್ಯಾನ್ ಕೇಬಲ್ ಎಳೆದೆ. ಚಕ್ರ ಹೋಯಿತು. ಕೇಬಲ್ ಕಾಲಿಗೆ ಸಿಗುತ್ತೆ ಅಂತ ಅಮ್ಮನ ಗೊಣಗಾಟ ಶುರುವಾಗಿದೆ.